ಹಾರ್ಟ್‌ಫರ್ಡಿನ ಕಿವುಡರ ಶಾಲೆ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ 1817ರ ಏಪ್ರಿಲ್ 15ರಂದು ತೆರೆದ ಶಾಲೆ. ಆ ದೇಶದಲ್ಲಿ ಕಿವುಡರಿಗಾಗಿ ಹುಟ್ಟಿ ಇಂದಿಗೂ ನಡೆದುಬಂದಿರುವ ಶಾಲೆಗಳಲ್ಲಿ ಇದೇ ಹಳೆಯದು. ಈಗಿನ ಹೆಸರು ಅಮೆರಿಕನ್ ಸ್ಕೂಲ್ ಫಾರ್ ದ ಡೆಫ್.

ಊರಿನ ವೈದ್ಯ ಮೇಸನ್ ಕಾಗ್ಸ್‌ವೆಲ್ ಅವರ ಮಗಳು ಆಲಿಸ್ ಎಳೆಯ ವಯಸ್ಸಿನಲ್ಲೇ ಜ್ವರ ಬಂದು ಕಿವಿ ಕಳೆದುಕೊಂಡಿದ್ದಳು. 1814ರಲ್ಲಿ ಪಕ್ಕದ ಮನೆಯ ಥಾಮಸ್ ಗ್ಯಾಲಡೆಟ್ ತನ್ನ ಟೋಪಿ ತೋರಿಸಿ, ಕೋಲಿನಿಂದ ಮಣ್ಣಿನಲ್ಲಿ ಆ ಪದ ಬರೆದರಂತೆ, ಹುಡುಗಿಗೆ ಅರ್ಥವಾಯಿತು. ಕಲಿಸುವ ವಿದ್ಯೆ ಅರಿತು ಬರಲು ತಂದೆ ಮತ್ತು ಊರವರು ಹಣ ಕೂಡಿಸಿ ಅವರನ್ನು ಯೂರೋಪಿಗೆ ಕಳಿಸಿದರು. ಬ್ರಿಟನ್ನಿನಲ್ಲಿ ಶಾಲೆ ನಡೆಸುತ್ತಿದ್ದ ಬ್ರೇಡ್‌ವುಡ್ ಕುಟುಂಬ ತಮ್ಮ ವಿಧಾನವನ್ನು ಗುಟ್ಟಾಗಿಟ್ಟಿತ್ತು. ಅವರ ಷರತ್ತುಗಳಿಗೆ ಗ್ಯಾಲಡೆಟ್ ಒಪ್ಪಲಿಲ್ಲ. ಪ್ಯಾರಿಸ್ಸಿನ ಶಾಲೆಯ ಮುಖ್ಯಸ್ಥ ಸಿಕಾರ್ ಮಾತ್ರ ಬಾಗಿಲು ತೆರೆದಿಟ್ಟರು. ಅಲ್ಲಿಯೇ ಓದಿ, ಅಲ್ಲಿಯೇ ಮೇಷ್ಟ್ರಾಗಿದ್ದ ಕಿವುಡ ಲೊರಾಂ ಕ್ಲೇರ್ 1816ರಲ್ಲಿ ಗ್ಯಾಲಡೆಟ್ ಜೊತೆ ಹಡಗು ಹತ್ತಿದರು. ಐವತ್ತೆರಡು ದಿನಗಳ ಆ ಪಯಣವೇ ಶಾಲೆಯ ಮೊದಲ ತರಗತಿ ಎನ್ನಬೇಕು: ಕ್ಲೇರ್ ಸನ್ನೆ ಕಲಿಸಿದರು, ಗ್ಯಾಲಡೆಟ್ ಇಂಗ್ಲಿಷ್ ಕಲಿಸಿದರು.

ಶಾಲೆಯ ಕೀರ್ತಿ ಹೆಚ್ಚಾಗಿ ಗ್ಯಾಲಡೆಟ್ ಹೆಸರಿಗೇ ಸಂದಿದೆ. ಆದರೆ ತರಗತಿಯಲ್ಲಿ ನಿಂತು ಕಲಿಸಿದ ಕಿವುಡ ಗುರುವಿಲ್ಲದೆ ಇದು ಹೀಗೆ ಬೆಳೆಯುತ್ತಿರಲಿಲ್ಲ. ಕ್ಲೇರ್ 1858ರವರೆಗೂ ಇಲ್ಲಿ ಪಾಠ ಹೇಳಿದರು. ಮಗುವಾಗಿದ್ದಾಗ ಬೆಂಕಿಗೆ ಬಿದ್ದು ಅವರ ಬಲಗೆನ್ನೆ ಸುಟ್ಟಿತ್ತು. ಎರಡು ಬೆರಳನ್ನು ಕೆನ್ನೆಯ ಮೇಲೆ ಸವರಿದರೆ ಅದೇ ಅವರ ಹೆಸರು. ಅಮೆರಿಕದ ಕಿವುಡರು ಈಗಲೂ ಅವರನ್ನು ಹಾಗೆಯೇ ಕರೆಯುತ್ತಾರೆ.

ಮೊದಲ ದಿನ ಬಂದವರು ಏಳು ಮಂದಿ, ಅವರಲ್ಲಿ ಆಲಿಸ್ ಒಬ್ಬಳು. ಮಕ್ಕಳು ಬರಿಗೈಯಲ್ಲಿ ಬರಲಿಲ್ಲ. ತಮ್ಮ ತಮ್ಮ ಮನೆಯ, ಊರಿನ ಸನ್ನೆಗಳನ್ನು ಹೊತ್ತು ತಂದರು. ಮುಂದೆ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಿಂದಲೂ ಮಕ್ಕಳು ಬಂದರು. ಅಲ್ಲಿ ವಂಶಪಾರಂಪರ್ಯವಾಗಿ ಕಿವುಡು ಹೆಚ್ಚಿದ್ದುದರಿಂದ ಕಿವಿ ಕೇಳುವವರಿಗೂ ಸನ್ನೆ ಬರುತ್ತಿತ್ತು. ಈ ಸನ್ನೆಗಳೂ ಕ್ಲೇರ್ ತಂದ ಫ್ರೆಂಚ್ ಸನ್ನೆಗಳೂ ಒಂದೇ ಸೂರಿನಡಿ ಬೆರೆತದ್ದರಿಂದ ಅಮೆರಿಕನ್ ಸಂಜ್ಞಾಭಾಷೆ ರೂಪುಗೊಂಡಿತು. ಅದನ್ನು ಒಬ್ಬ ಪಂಡಿತ ಕೂತು ರಚಿಸಲಿಲ್ಲ. ಊಟದ ಮನೆಯಲ್ಲಿ, ಮಲಗುವ ಕೋಣೆಯಲ್ಲಿ ಮಕ್ಕಳೇ ಬಳಸಿ ಬಳಸಿ ಬೆಳೆಸಿದರು.

ಖರ್ಚಿಗೆ ರಾಜ್ಯ 5,000 ಡಾಲರ್ ಕೊಟ್ಟಿತ್ತು. 1819ರಲ್ಲಿ ಒಕ್ಕೂಟ ಸರ್ಕಾರ ಅಲಬಾಮದಲ್ಲಿ ಜಮೀನು ನೀಡಿತು. ಅದರ ಮಾರಾಟದಿಂದ ಶಾಲೆಗೆ ನೆಲೆ ಸಿಕ್ಕಿತು. ಇಲ್ಲಿ ಕಲಿತವರು ಬೇರೆ ರಾಜ್ಯಗಳ ಶಾಲೆಗಳಲ್ಲಿ ಶಿಕ್ಷಕರಾದರು. ಗ್ಯಾಲಡೆಟ್ ಮದುವೆಯಾದದ್ದು ಆರಂಭದ ವಿದ್ಯಾರ್ಥಿನಿಯರಲ್ಲೊಬ್ಬರಾದ ಸೋಫಿಯಾ ಫೌಲರ್ ಅವರನ್ನು. ಇವರ ಕಿರಿಯ ಮಗ ಎಡ್ವರ್ಡ್, ವಾಷಿಂಗ್ಟನ್ನಿನಲ್ಲಿ ಕಿವುಡರ ಕಾಲೇಜು ಕಟ್ಟಿದರು. ಪದವಿ ನೀಡುವ ಅಧಿಕಾರ ಅದಕ್ಕೆ 1864ರಲ್ಲಿ ಅಧ್ಯಕ್ಷ ಲಿಂಕನ್ ಸಹಿಯಿಂದ ಬಂತು. ಕಿವುಡರ ಶಿಕ್ಷಣ ಕುರಿತ 1880ರ ಮಿಲಾನ್ ಸಮ್ಮೇಳನ ಸನ್ನೆಯನ್ನು ತರಗತಿಯಿಂದ ಹೊರಹಾಕಲು ನಿರ್ಣಯಿಸಿದಾಗ ಎದ್ದು ವಿರೋಧಿಸಿದ ಕೆಲವರಲ್ಲಿ ಎಡ್ವರ್ಡ್ ಕೂಡ ಇದ್ದರು.

ಶಾಲೆ 1921ರಲ್ಲಿ ವೆಸ್ಟ್ ಹಾರ್ಟ್‌ಫರ್ಡಿಗೆ ಸ್ಥಳಾಂತರಗೊಂಡಿತು.