ಪಾಳಿ ಕೆಲಸಗಾರರ ನಿದ್ರೆ ಮತ್ತು ಆರೋಗ್ಯ: ಕೋಲಾರ ಚಿನ್ನದ ಗಣಿ ಪ್ರದೇಶದ ಕಾರ್ಮಿಕರಿಗೆ ಮಾಹಿತಿ

1. ಪೀಠಿಕೆ

ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಪಾಳಿ ಕೆಲಸವು ಹೊಸತಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಇಲ್ಲಿ ಗಣಿಗಾರಿಕೆಯನ್ನು ವಹಿಸಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಸರಬರಾಜಾಯಿತು. ಸುಮಾರು 3,200 ಮೀಟರ್ ಆಳ ತಲುಪಿದ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಹಗಲು-ರಾತ್ರಿಗಳ ವ್ಯತ್ಯಾಸವಿಲ್ಲದೆ ಕೆಲಸ ನಡೆಯುತ್ತಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಮುಚ್ಚಲ್ಪಟ್ಟ ನಂತರ ಇಲ್ಲಿನ ಅನೇಕ ಕುಟುಂಬಗಳ ಸದಸ್ಯರು ಬೆಂಗಳೂರು, ಮಾಲೂರು ಮತ್ತು ನರಸಾಪುರದ ಕಾರ್ಖಾನೆಗಳಲ್ಲಿ, ಭದ್ರತಾ ಸೇವೆಯಲ್ಲಿ ಹಾಗೂ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ಗಣಿ ನಿಂತರೂ ರಾತ್ರಿ ಪಾಳಿ ನಿಂತಿಲ್ಲ. ಅದರೊಂದಿಗೆ ದೀರ್ಘ ರೈಲು ಪ್ರಯಾಣವೂ ಸೇರಿಕೊಂಡಿದೆ.

ಅಂತಹ ಕಾರ್ಮಿಕರ ಮತ್ತು ಅವರ ಕುಟುಂಬದವರ ತಿಳುವಳಿಕೆಗಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

2. ರಾತ್ರಿ ಪಾಳಿಯಲ್ಲಿ ನಿದ್ರೆ ಕೆಡಲು ಕಾರಣ

ಮಾನವನ ಮೆದುಳಿನಲ್ಲಿ ಸುಮಾರು 24 ಗಂಟೆಗಳ ಆವರ್ತನೆಯ ಜೈವಿಕ ಗಡಿಯಾರವಿರುತ್ತದೆ. ಇದು ಕಣ್ಣಿನ ಮೂಲಕ ತಲುಪುವ ಬೆಳಕನ್ನು ಆಧರಿಸಿ ನಡೆಯುತ್ತದೆ. ಕತ್ತಲಾದಾಗ ನಿದ್ರೆಗೆ ಸಹಕಾರಿಯಾದ ಮೆಲಟೋನಿನ್ ಎಂಬ ರಸದೂತವು ಸ್ರವಿಸುತ್ತದೆ. ಬೆಳಕು ಅದನ್ನು ತಡೆಯುತ್ತದೆ. ಬೆಳಗಿನ ಜಾವ ಸುಮಾರು 3ರಿಂದ 5 ಗಂಟೆಯ ನಡುವೆ ದೇಹದ ಉಷ್ಣತೆಯೂ ಎಚ್ಚರವೂ ಅತ್ಯಂತ ಕಡಿಮೆ ಮಟ್ಟದಲ್ಲಿರುತ್ತವೆ. ಈ ಗಡಿಯಾರದ ಕಾರ್ಯವಿಧಾನವನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆತಿದೆ.

ರಾತ್ರಿ ದುಡಿದು ಹಗಲು ಮಲಗುವವರ ನಿದ್ರೆಯು ಸಾಮಾನ್ಯ ರಾತ್ರಿಯ ನಿದ್ರೆಗಿಂತ ಒಂದರಿಂದ ನಾಲ್ಕು ಗಂಟೆಗಳಷ್ಟು ಕಡಿಮೆಯಾಗುತ್ತದೆ. ಇದು ಸೋಮಾರಿತನವಲ್ಲ, ದೇಹದ ಧರ್ಮ. ಗಣಿ ಲೈನ್ ಮನೆಗಳಲ್ಲಿ ಒಂದೆರಡು ಕೋಣೆಗಳು, ತೆಳುವಾದ ಗೋಡೆ ಮತ್ತು ಬಿಸಿಲಿಗೆ ಕಾಯುವ ಶೀಟಿನ ಛಾವಣಿ ಇರುವುದರಿಂದ ಹಗಲಿನ ನಿದ್ರೆ ಮತ್ತಷ್ಟು ಕಷ್ಟವಾಗುತ್ತದೆ. ಬೇಸಿಗೆಯಲ್ಲಿ ಸೈನೈಡ್ ದಿಬ್ಬಗಳ ಧೂಳಿನಿಂದಾಗಿ ಕಿಟಕಿ ತೆರೆಯುವುದೂ ಸಾಧ್ಯವಾಗದ ಮನೆಗಳಿವೆ.

3. ಆರೋಗ್ಯದ ಮೇಲಿನ ಪರಿಣಾಮಗಳು

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಗಳ ನಿದ್ರೆ ಅವಶ್ಯಕ. ಬಹುಕಾಲ ನಿದ್ರೆ ಕೊರತೆಯಾದಲ್ಲಿ ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಜೀರ್ಣಾಂಗದ ತೊಂದರೆ ಮತ್ತು ಮಾನಸಿಕ ಖಿನ್ನತೆಯ ಸಂಭವ ಹೆಚ್ಚುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿ ರಾತ್ರಿ ಪಾಳಿ ಕೆಲಸವನ್ನು ಕ್ಯಾನ್ಸರ್‌ಗೆ ಬಹುಶಃ ಕಾರಣವಾಗುವ ಅಂಶವೆಂದು ವರ್ಗೀಕರಿಸಿ, 2019ರಲ್ಲಿ ಅದನ್ನೇ ದೃಢಪಡಿಸಿದೆ. ಸತತ 17 ಗಂಟೆ ಎಚ್ಚರವಾಗಿರುವವರ ಕಾರ್ಯಕ್ಷಮತೆಯು ಮದ್ಯ ಸೇವಿಸಿದವರಂತೆ ಕುಂದುವುದು ಕಂಡುಬಂದಿದೆ. ಆದ್ದರಿಂದ ಯಂತ್ರದ ಮುಂದೆ ನಿಲ್ಲುವವರು ಮತ್ತು ಪಾಳಿ ಮುಗಿಸಿ ದ್ವಿಚಕ್ರ ವಾಹನದಲ್ಲಿ ಮನೆಗೆ ಹೊರಡುವವರು ವಿಶೇಷ ಎಚ್ಚರಿಕೆ ವಹಿಸಬೇಕು.

4. ದಿನದ ಲೆಕ್ಕ

ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲು ಮಾರ್ಗವು ಸುಮಾರು 70 ಕಿ.ಮೀ.; ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಕಡೆಯವರಿಗೆ ಅದಕ್ಕೂ ಹೆಚ್ಚು. ಉದಾಹರಣೆಗೆ, ಹೋಗಿಬರಲು ಒಟ್ಟು 5 ಗಂಟೆ ಹಿಡಿಯುವುದೆಂದು ಭಾವಿಸೋಣ.

(ಅ) 8 ಗಂಟೆಯ ಪಾಳಿ: 8 + 5 = 13 ಗಂಟೆ. ಉಳಿಯುವುದು 11 ಗಂಟೆ.
(ಆ) 12 ಗಂಟೆಯ ಪಾಳಿ: 12 + 5 = 17 ಗಂಟೆ. ಉಳಿಯುವುದು 7 ಗಂಟೆ.

ಎರಡನೆಯ ಲೆಕ್ಕದಲ್ಲಿ ಸ್ನಾನ, ಊಟ ಮತ್ತು ಮನೆಯ ಕೆಲಸವನ್ನು ಕಳೆದರೆ ನಿದ್ರೆಗೆ 5 ಗಂಟೆಯೂ ಸಿಗುವುದಿಲ್ಲ. ಹೆಚ್ಚುವರಿ ಕೆಲಸಕ್ಕೆ ಒಪ್ಪುವ ಮುನ್ನ ಪ್ರತಿಯೊಬ್ಬರೂ ಈ ಲೆಕ್ಕವನ್ನು ಹಾಕಿಕೊಳ್ಳುವುದು ಒಳಿತು. ಕೈಗೆ ಬರುವ ಹಣ ಕಾಣುತ್ತದೆ. ಕಳೆದುಹೋಗುವ ನಿದ್ರೆ ಕಾಣುವುದಿಲ್ಲ.

5. ಕಾರ್ಮಿಕರು ಅನುಸರಿಸಬಹುದಾದ ಕ್ರಮಗಳು

1) ರಾತ್ರಿ ಪಾಳಿ ಮುಗಿದ ಕೂಡಲೇ ಮನೆಗೆ ತಲುಪಿ, ಲಘು ಉಪಾಹಾರ ಸೇವಿಸಿ, ಪ್ರತಿದಿನ ಒಂದೇ ವೇಳೆಗೆ ಮಲಗುವುದು.
2) ಕಿಟಕಿಗೆ ದಪ್ಪ ಬಟ್ಟೆ ಅಥವಾ ಹಳೆಯ ಕಂಬಳಿ ಕಟ್ಟಿ ಕೋಣೆಯನ್ನು ಕತ್ತಲಾಗಿಸುವುದು. ಅದು ಸಾಧ್ಯವಾಗದಿದ್ದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುವುದು.
3) ಒಂದೇ ಸಲ 7 ಗಂಟೆ ಮಲಗಲು ಆಗದವರು ಬೆಳಿಗ್ಗೆ ದೀರ್ಘ ನಿದ್ರೆ ಮಾಡಿ, ಕೆಲಸಕ್ಕೆ ಹೊರಡುವ ಮುನ್ನ ಮತ್ತೊಮ್ಮೆ ಮಲಗುವುದು.
4) ಪಾಳಿಯ ವಿರಾಮದಲ್ಲಿ ಅವಕಾಶವಿದ್ದಲ್ಲಿ 20 ನಿಮಿಷ ಕಣ್ಣು ಮುಚ್ಚುವುದು. ಎದ್ದ ತಕ್ಷಣ ಯಂತ್ರ ಮುಟ್ಟದೆ ಮುಖ ತೊಳೆದು ಸ್ವಲ್ಪ ಹೊತ್ತು ನಡೆದಾಡುವುದು.
5) ಚಹಾ, ಕಾಫಿಯನ್ನು ಪಾಳಿಯ ಮೊದಲ ಅರ್ಧದಲ್ಲಿ ಮಾತ್ರ ಸೇವಿಸುವುದು. ಮಲಗುವ ವೇಳೆಗೆ ಕನಿಷ್ಠ 6 ಗಂಟೆ ಮೊದಲೇ ನಿಲ್ಲಿಸುವುದು.
6) ನಡುರಾತ್ರಿಯ ನಂತರ ಭಾರಿ ಊಟವನ್ನೂ ಕರಿದ ತಿಂಡಿಯನ್ನೂ ತಪ್ಪಿಸುವುದು.
7) ನಿದ್ರೆಗಾಗಿ ಮದ್ಯವನ್ನಾಗಲಿ, ವೈದ್ಯರ ಚೀಟಿಯಿಲ್ಲದ ಮಾತ್ರೆಯನ್ನಾಗಲಿ ಸೇವಿಸದಿರುವುದು. ಮದ್ಯವು ನಿದ್ರೆ ಬರಿಸಿದರೂ ಅದನ್ನು ಬೇಗನೆ ಮುರಿಯುತ್ತದೆ.

6. ಕುಟುಂಬದವರ ಸಹಕಾರ

ಹಗಲು ಮಲಗುವವರ ನಿದ್ರೆಯು ಮನೆಯವರ ಕೈಯಲ್ಲಿರುತ್ತದೆ. ಆ ಅವಧಿಯಲ್ಲಿ ದೂರದರ್ಶನದ ಧ್ವನಿ ತಗ್ಗಿಸುವುದು, ನೀರು ಹಿಡಿಯುವ ಮತ್ತು ಪಡಿತರ ತರುವ ಕೆಲಸವನ್ನು ಇತರರು ವಹಿಸಿಕೊಳ್ಳುವುದು ಅಗತ್ಯ. ರಾತ್ರಿ ಪಾಳಿಯ ಮಹಿಳೆಯರು ಮನೆಗೆ ಬಂದೊಡನೆ ಅಡುಗೆಗೆ ನಿಲ್ಲಬೇಕಾದ ಪರಿಸ್ಥಿತಿ ಅನೇಕ ಮನೆಗಳಲ್ಲಿದೆ. ಅವರಿಗೂ ನಿದ್ರೆ ಅಷ್ಟೇ ಅವಶ್ಯಕ ಎಂಬುದನ್ನು ಗಮನಿಸಬೇಕು.

7. ಕಾನೂನಿನ ರಕ್ಷಣೆ

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿದೆ. ಸಂಹಿತೆಯು ಅನ್ವಯಿಸುವ ಸಂಸ್ಥೆಗಳಲ್ಲಿ ಕಾರ್ಮಿಕರಿಗೆ ಸಂಬಂಧಿಸಿದ ಮುಖ್ಯ ಅಂಶಗಳು ಹೀಗಿವೆ:

1) ಸಾಮಾನ್ಯವಾಗಿ ದಿನಕ್ಕೆ 8 ಗಂಟೆಗಳ ಕೆಲಸ, ವಾರಕ್ಕೆ 6 ದಿನಗಳಿಗಿಂತ ಹೆಚ್ಚು ದುಡಿಸುವಂತಿಲ್ಲ.
2) ಹೆಚ್ಚುವರಿ ಅವಧಿಯ ಕೆಲಸಕ್ಕೆ ಕಾರ್ಮಿಕರ ಒಪ್ಪಿಗೆ ಅಗತ್ಯ. ಅದಕ್ಕೆ ಎರಡು ಪಟ್ಟು ದರದಲ್ಲಿ ವೇತನ ನೀಡತಕ್ಕದ್ದು.
3) ಪಾಳಿಯು ಮಧ್ಯರಾತ್ರಿಯನ್ನು ದಾಟಿದಲ್ಲಿ, ವಾರದ ರಜೆಯೆಂದರೆ ಪಾಳಿ ಮುಗಿದ ವೇಳೆಯಿಂದ ಸತತ 24 ಗಂಟೆಗಳು. ಉದಾಹರಣೆಗೆ, ಭಾನುವಾರ ಬೆಳಿಗ್ಗೆ 6ಕ್ಕೆ ಪಾಳಿ ಮುಗಿಸಿದವರ ರಜೆಯು ಸೋಮವಾರ ಬೆಳಿಗ್ಗೆ 6ರವರೆಗೆ ಇರುತ್ತದೆ. ಭಾನುವಾರ ರಾತ್ರಿ 10ಕ್ಕೆ ಪುನಃ ಕರೆದಲ್ಲಿ ಅದು ಪೂರ್ಣ ರಜೆಯಾಗುವುದಿಲ್ಲ.
4) ಮಧ್ಯರಾತ್ರಿಯ ನಂತರ ಮಾಡಿದ ಕೆಲಸದ ಗಂಟೆಗಳನ್ನು ಹಿಂದಿನ ದಿನದ ಲೆಕ್ಕಕ್ಕೆ ಸೇರಿಸತಕ್ಕದ್ದು.
5) ಮಹಿಳೆಯರನ್ನು ಸಂಜೆ 7ರ ನಂತರ ಹಾಗೂ ಬೆಳಿಗ್ಗೆ 6ಕ್ಕೆ ಮುನ್ನ ನಿಯೋಜಿಸಲು ಅವರ ಒಪ್ಪಿಗೆ ಮತ್ತು ಸುರಕ್ಷತಾ ವ್ಯವಸ್ಥೆ ಕಡ್ಡಾಯ.

ಉಲ್ಲಂಘನೆ ಕಂಡುಬಂದಲ್ಲಿ ಕಾರ್ಮಿಕ ಇಲಾಖೆ ಅಥವಾ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಲಿಖಿತ ದೂರು ಸಲ್ಲಿಸಬಹುದು. ದೂರಿನಲ್ಲಿ ಸಂಸ್ಥೆಯ ಹೆಸರು, ವಿಳಾಸ ಮತ್ತು ಪಾಳಿಯ ದಿನಾಂಕ-ವೇಳೆಗಳನ್ನು ನಮೂದಿಸಿ, ವೇತನ ಚೀಟಿ ಹಾಗೂ ಹಾಜರಾತಿಯ ಪ್ರತಿಗಳನ್ನು ಲಗತ್ತಿಸುವುದು ಸೂಕ್ತ. ಪಾಳಿಯ ವೇಳೆಗಳನ್ನು ಅಂದಂದೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಲ್ಲಿ ವಿಚಾರಣೆಗೆ ಅನುಕೂಲವಾಗುತ್ತದೆ.

8. ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಮೂರು ತಿಂಗಳಿಗೂ ಮೀರಿ ನಿದ್ರೆ ಬಾರದಿದ್ದಲ್ಲಿ, ಜೋರಾದ ಗೊರಕೆಯೊಡನೆ ಉಸಿರು ಕಟ್ಟಿದಂತಾದಲ್ಲಿ, ಕೆಲಸದ ವೇಳೆ ಅರಿವಿಲ್ಲದೆ ತೂಕಡಿಸಿದಲ್ಲಿ ವೈದ್ಯರನ್ನು ಕಾಣಬೇಕು. ಮಧುಮೇಹ ಮತ್ತು ರಕ್ತದೊತ್ತಡಕ್ಕೆ ಔಷಧ ಸೇವಿಸುವವರು ಪಾಳಿ ಬದಲಾದಾಗಲೆಲ್ಲ ಔಷಧದ ವೇಳೆಯನ್ನು ಕೇಳಿ ತಿಳಿಯಬೇಕು. ಹಿಂದೆ ಗಣಿಯೊಳಗೆ ದುಡಿದವರು ಕೆಮ್ಮು, ಉಬ್ಬಸದಿಂದ ನಿದ್ರೆಗೆಟ್ಟಲ್ಲಿ, ತಾವು ಗಣಿ ಕಾರ್ಮಿಕರಾಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು; ಶಿಲಾಧೂಳಿನಿಂದ ಬರುವ ಸಿಲಿಕೋಸಿಸ್ ರೋಗವು ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು.

ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟವರು ಅದರ ಚಿಕಿತ್ಸಾಲಯಗಳಲ್ಲಿ, ಇತರರು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ಮನಸ್ಸಿನ ತೊಳಲಾಟಕ್ಕೆ ಟೆಲಿ ಮಾನಸ್ ಉಚಿತ ದೂರವಾಣಿ 14416ರಲ್ಲಿ ಹಗಲು ರಾತ್ರಿ ಎಲ್ಲ ವೇಳೆಯಲ್ಲಿಯೂ ಸಲಹೆ ದೊರೆಯುತ್ತದೆ. ಪಾಳಿ ಕೆಲಸಗಾರರು ಈ ಸೌಲಭ್ಯಗಳನ್ನು ಸದುಪಯೋಗಪಡಿಸಿಕೊಳ್ಳಲು ಕೋರಲಾಗಿದೆ.