ವಿದ್ಯಾರ್ಥಿವೇತನವೋ, ಹೆಸರಾಂತ ಕಾಲೇಜೋ: ಎಸ್ಸೆಸ್ಸೆಲ್ಸಿ ನಂತರದ ಲೆಕ್ಕಾಚಾರ

ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಕೂಡಲೇ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ಆರಂಭವಾಗುತ್ತದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿವೇತನ ಪಡೆದು ಓದಿದ ಮಗ ಅಥವಾ ಮಗಳು ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲೇ ಮುಂದುವರಿಯಬೇಕೇ ಅಥವಾ ದಾವಣಗೆರೆ, ಶಿವಮೊಗ್ಗ, ಕರಾವಳಿಯ ಹೆಸರಾಂತ ಖಾಸಗಿ ಕಾಲೇಜಿಗೆ ಸೇರಬೇಕೇ ಎಂಬುದೇ ಆ ಚರ್ಚೆ. ಬಹುತೇಕ ಸಂದರ್ಭಗಳಲ್ಲಿ ಕಾಲೇಜಿನ ಹೆಸರು ಗೆಲ್ಲುತ್ತದೆ. ಕೈಬಿಟ್ಟ ವಿದ್ಯಾರ್ಥಿವೇತನ ಮರಳಿ ಸಿಗುವುದಿಲ್ಲ ಎಂಬ ಸಂಗತಿ ಶುಲ್ಕ ಕಟ್ಟಿದ ಬಳಿಕವಷ್ಟೇ ಅರಿವಿಗೆ ಬರುತ್ತದೆ.

ಹೊರಗೆ ಓದಲು ಹೋಗುವ ರೂಢಿ ಈ ಭಾಗಕ್ಕೆ ಹೊಸದಲ್ಲ. 1951ರಲ್ಲಿ ಆರಂಭವಾದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1958ರಲ್ಲಿ ಸ್ಥಾಪನೆಗೊಂಡ ಬಾಪೂಜಿ ವಿದ್ಯಾಸಂಸ್ಥೆ, 1965ರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ದಾವಣಗೆರೆಯನ್ನು ವಿದ್ಯಾನಗರಿಯಾಗಿಸಿದವು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯ ಜನರಿಗೆ ಇಂದಿಗೂ ಜಿಲ್ಲಾ ಕೇಂದ್ರಕ್ಕಿಂತ ಶಿವಮೊಗ್ಗವೇ ಹತ್ತಿರ. ಹೀಗಾಗಿ ಒಂದೊಂದು ತಾಲ್ಲೂಕಿನ ಮಕ್ಕಳ ಕಣ್ಣು ಒಂದೊಂದು ನಗರದತ್ತ ಇರುತ್ತದೆ.

ಕಾಲೇಜಿಗೆ ಅಂಟಿಕೊಂಡ ವೇತನ

ವಿದ್ಯಾರ್ಥಿವೇತನಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ವಿದ್ಯಾರ್ಥಿ ಹೋದೆಡೆಗೆಲ್ಲ ಹಿಂಬಾಲಿಸುತ್ತವೆ. ಇನ್ನು ಕೆಲವು ಸಂಸ್ಥೆಯ ಸ್ವರೂಪಕ್ಕೆ ಅಂಟಿಕೊಂಡಿರುತ್ತವೆ. ಈ ವ್ಯತ್ಯಾಸವನ್ನು ಅರಿಯುವುದೇ ನಿರ್ಧಾರದ ಮೊದಲ ಹೆಜ್ಜೆ.

ಎರಡನೆಯ ಬಗೆಗೆ ಮುಖ್ಯ ಉದಾಹರಣೆ ಎನ್‌ಎಂಎಂಎಸ್ ಎಂದೇ ಪರಿಚಿತವಾದ, ಕುಟುಂಬದ ಆದಾಯ ಹಾಗೂ ಪ್ರತಿಭೆ ಎರಡನ್ನೂ ಆಧರಿಸಿದ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ. 2008ರಲ್ಲಿ ಜಾರಿಗೆ ಬಂದ ಈ ಯೋಜನೆಗೆ ಎಂಟನೇ ತರಗತಿಯಲ್ಲಿ ಪರೀಕ್ಷೆ ನಡೆಯುತ್ತದೆ. ಆಯ್ಕೆಯಾದವರಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವೇತನ ದೊರೆಯುತ್ತದೆ. ಆರಂಭದಲ್ಲಿ ವರ್ಷಕ್ಕೆ 6,000 ರೂಪಾಯಿ ಇದ್ದ ಮೊತ್ತವನ್ನು 2017ರಲ್ಲಿ 12,000 ರೂಪಾಯಿಗೆ ಏರಿಸಲಾಯಿತು. ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಬಾರದು.

ಈ ವೇತನ ಸರ್ಕಾರಿ, ಅನುದಾನಿತ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲಾ ಕಾಲೇಜುಗಳಲ್ಲಿ ಓದುವವರಿಗೆ ಮಾತ್ರ ಮೀಸಲು. ವಿದ್ಯಾರ್ಥಿ ಅನುದಾನರಹಿತ ಖಾಸಗಿ ಕಾಲೇಜಿಗೆ ಸೇರಿದರೆ ಪಿಯುಸಿಯ ಎರಡು ವರ್ಷಗಳ 24,000 ರೂಪಾಯಿ ಕೈತಪ್ಪುತ್ತದೆ. ಒಮ್ಮೆ ನಿಂತ ವೇತನವನ್ನು ಪುನಃ ಆರಂಭಿಸಲು ನಿಯಮದಲ್ಲಿ ಅವಕಾಶವಿಲ್ಲ. ಸರ್ಕಾರಿ ಕಾಲೇಜಿನಲ್ಲೇ ಮುಂದುವರಿದರೂ ಎಸ್ಸೆಸ್ಸೆಲ್ಸಿಯಲ್ಲಿ ಶೇ 60ರಷ್ಟು ಅಂಕ ಅಗತ್ಯ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 5ರಷ್ಟು ವಿನಾಯಿತಿ ಇದೆ. ಪ್ರತಿವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ನವೀಕರಿಸುವುದೂ ಕಡ್ಡಾಯ.

ಇಲ್ಲೊಂದು ಸೂಕ್ಷ್ಮವಿದೆ. ಅನುದಾನಿತ ಎಂದು ಹೆಸರಾದ ಕಾಲೇಜಿನ ಎಲ್ಲ ವಿಭಾಗಗಳಿಗೂ ಅನುದಾನ ಇರಬೇಕೆಂದಿಲ್ಲ. ಕಲಾ ವಿಭಾಗ ಅನುದಾನಿತವಾಗಿದ್ದು, ವಿಜ್ಞಾನ ವಿಭಾಗ ಅನುದಾನರಹಿತವಾಗಿರಬಹುದು. ಸೇರುವ ವಿಭಾಗ ಯಾವುದೆಂದು ಪ್ರಾಚಾರ್ಯರಿಂದಲೇ ಖಚಿತಪಡಿಸಿಕೊಳ್ಳುವುದು ಒಳಿತು.

ನವೋದಯ ವಿದ್ಯಾಲಯಗಳ ಮಕ್ಕಳಿಗೂ ಎನ್‌ಎಂಎಂಎಸ್ ಅನ್ವಯಿಸುವುದಿಲ್ಲ. ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯ ನವೋದಯಕ್ಕೆ ಒಂಬತ್ತನೇ ತರಗತಿಯಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿ ಈ ವೇತನ ಬಿಡಬೇಕಾಗುತ್ತದೆ. ಆದರೆ ಅಲ್ಲಿ ವಸತಿ ಮತ್ತು ಊಟ ಉಚಿತವಾದ್ದರಿಂದ ಅದು ನಷ್ಟವೆನಿಸದು.

ಜೊತೆಗೆ ಬರುವ ನೆರವು

ರಾಜ್ಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ನೀಡುವ ಮೆಟ್ರಿಕ್ ನಂತರದ ವೇತನಗಳು ಮೊದಲ ಬಗೆಯವು. ಮಾನ್ಯತೆ ಪಡೆದ ಖಾಸಗಿ ಕಾಲೇಜಿನಲ್ಲಿ ಓದುವವರೂ ಜಾತಿ, ಆದಾಯ ಮುಂತಾದ ಅರ್ಹತೆಗೆ ಅನುಗುಣವಾಗಿ ಅರ್ಜಿ ಸಲ್ಲಿಸಬಹುದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ 2013-14ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳ ನೆರವು ನಿಗದಿಯಾಗಿತ್ತು. ಆದರೆ ಇಂತಹ ನೆರವು ಖಾಸಗಿ ಕಾಲೇಜಿನ ಪೂರ್ಣ ಶುಲ್ಕವನ್ನು ಭರಿಸುತ್ತದೆಂದು ಭಾವಿಸಲಾಗದು.

ಇವುಗಳಿಗೆ ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರ ಹಾಗೂ ವಿದ್ಯಾರ್ಥಿಯ ಹೆಸರಿನಲ್ಲಿ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರು ಬೇರೆ ಬೇರೆಯಾಗಿದ್ದರೆ ಮುಂಚಿತವಾಗಿ ತಿದ್ದಿಸಿಕೊಳ್ಳುವುದು ಲೇಸು.

ಖಾಸಗಿ ಕಾಲೇಜಿನ ರಿಯಾಯಿತಿ

ಹೆಚ್ಚು ಅಂಕ ಗಳಿಸಿದವರಿಗೆ ಖಾಸಗಿ ಕಾಲೇಜುಗಳೂ ಶುಲ್ಕ ರಿಯಾಯಿತಿ ನೀಡುತ್ತವೆ. ಈ ರಿಯಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರವೇ, ಹಾಸ್ಟೆಲ್ ಮತ್ತು ನೀಟ್ ತರಬೇತಿಗೂ ಅನ್ವಯವೇ? ದ್ವಿತೀಯ ವರ್ಷಕ್ಕೂ ಮುಂದುವರಿಯುವುದೇ? ಕಿರು ಪರೀಕ್ಷೆಗಳಲ್ಲಿ ಅಂಕ ಇಳಿದರೆ ರದ್ದಾಗುವುದೇ? ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಲಿಖಿತವಾಗಿ ಪಡೆಯಬೇಕು. ಬಾಯಿಮಾತಿನ ಭರವಸೆಯನ್ನು ಲೆಕ್ಕಕ್ಕೆ ಹಿಡಿಯಲಾಗದು.

ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ಖಾಸಗಿ ಕಾಲೇಜಿನ ಒಟ್ಟು ಖರ್ಚು ವರ್ಷಕ್ಕೆ 1 ಲಕ್ಷ ರೂಪಾಯಿ. ಅದರಲ್ಲಿ ಬೋಧನಾ ಶುಲ್ಕ 60,000 ರೂಪಾಯಿ. ಅದಕ್ಕೆ ಶೇ 40ರ ರಿಯಾಯಿತಿ ಎಂದಿಟ್ಟುಕೊಳ್ಳೋಣ. ಉಳಿಯುವುದು ವರ್ಷಕ್ಕೆ 24,000 ರೂಪಾಯಿ ಮಾತ್ರ. ಎರಡು ವರ್ಷಕ್ಕೆ ಕುಟುಂಬ 1,52,000 ರೂಪಾಯಿ ಭರಿಸಬೇಕು. ಸರ್ಕಾರಿ ಕಾಲೇಜಿನ ಶುಲ್ಕ, ಪುಸ್ತಕ, ಓಡಾಟಕ್ಕೆ ವರ್ಷಕ್ಕೆ 15,000 ರೂಪಾಯಿ ತಗುಲಿದರೂ ಎನ್‌ಎಂಎಂಎಸ್ ಮೊತ್ತ ಕಳೆದರೆ ಎರಡು ವರ್ಷದ ಖರ್ಚು 6,000 ರೂಪಾಯಿ. ವ್ಯತ್ಯಾಸ 1,46,000 ರೂಪಾಯಿ. ಮಳೆಯನ್ನೇ ನಂಬಿ ಮೆಕ್ಕೆಜೋಳ ಬೆಳೆಯುವ ಜಗಳೂರಿನ ರೈತ ಕುಟುಂಬಕ್ಕೆ ಇದು ಸಾಲದ ಮೊತ್ತ. ಚನ್ನಗಿರಿಯ ಅಡಿಕೆ ಬೆಳೆಗಾರರಿಗೂ ಧಾರಣೆ ಕುಸಿದ ವರ್ಷ ಹಗುರವಲ್ಲ.

ಹೆಸರಿನ ಬೆಲೆ ಎಷ್ಟು?

ಪಿಯುಸಿ ಹಂತದಲ್ಲಿ ಕಾಲೇಜಿನ ಹೆಸರಿಗೆ ಪ್ರತ್ಯೇಕ ಅಂಕವಿಲ್ಲ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕ್ ನಿರ್ಧಾರಕ್ಕೆ ಪಿಯುಸಿ ಅಂಕ ಹಾಗೂ ಸಿಇಟಿ ಅಂಕಗಳನ್ನು ಸಮಪಾಲಿನಲ್ಲಿ ಪರಿಗಣಿಸಲಾಗುತ್ತದೆ. ವೈದ್ಯಕೀಯ ಸೀಟಿಗೆ ನೀಟ್ ಅಂಕವೇ ಆಧಾರ. ಓದಿದ್ದು ಎಲ್ಲಿ ಎಂದು ಈ ಪಟ್ಟಿಗಳು ಕೇಳುವುದಿಲ್ಲ.

ಸಿಇಟಿಯಲ್ಲಿ ಶೇ 15ರ ಗ್ರಾಮೀಣ ಹಾಗೂ ಶೇ 5ರ ಕನ್ನಡ ಮಾಧ್ಯಮ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗವೇ ಮಾನದಂಡ. ಆದ್ದರಿಂದ ಪಿಯುಸಿಗೆ ನಗರಕ್ಕೆ ಹೋದರೆ ಈ ಸೌಲಭ್ಯ ತಪ್ಪದು. ಎಂಟು ಅಥವಾ ಒಂಬತ್ತನೇ ತರಗತಿಗೇ ನಗರದ ಶಾಲೆಗೆ ಸೇರಿಸಿದರೆ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ.

ಹಾಗೆಂದು ಹೆಸರಾಂತ ಕಾಲೇಜಿನಲ್ಲಿ ಏನೂ ಇಲ್ಲವೆನ್ನಲಾಗದು. ನಿಯಮಿತ ಪಾಠ, ಅಣಕು ಪರೀಕ್ಷೆ, ಸಮಾನ ಗುರಿಯ ಸಹಪಾಠಿಗಳು ಅಲ್ಲಿನ ಬಲ. ತಾಲ್ಲೂಕಿನ ಕಾಲೇಜಿನಲ್ಲಿ ಬೇಕಾದ ವಿಜ್ಞಾನ ಸಂಯೋಜನೆ ಇಲ್ಲದಿದ್ದರೆ, ಭೌತಶಾಸ್ತ್ರ ಅಥವಾ ಗಣಿತದ ಉಪನ್ಯಾಸಕರ ಹುದ್ದೆ ಖಾಲಿ ಇದ್ದರೆ, ಪ್ರಯೋಗಾಲಯ ಬಾಗಿಲು ತೆರೆಯದಿದ್ದರೆ 24,000 ರೂಪಾಯಿಗಾಗಿ ಎರಡು ವರ್ಷ ಕಳೆದುಕೊಳ್ಳುವುದು ಜಾಣತನವಲ್ಲ. ಅಂತಹ ಸಂದರ್ಭದಲ್ಲಿ ಮೊದಲು ಹುಡುಕಬೇಕಾದುದು ನೆರೆಯ ಪಟ್ಟಣದ ಮತ್ತೊಂದು ಸರ್ಕಾರಿ ಅಥವಾ ಅನುದಾನಿತ ಕಾಲೇಜನ್ನು. ಅಲ್ಲಿ ಎನ್‌ಎಂಎಂಎಸ್ ವೇತನವೂ ಉಳಿಯುತ್ತದೆ.

ಓಡಾಟವೂ ಮುಖ್ಯ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ವಿದ್ಯಾರ್ಥಿನಿಯರಿಗೆ ಪ್ರಯಾಣ ಉಚಿತ. ಖಾಸಗಿ ಬಸ್ಸುಗಳಿಗೆ ಅದು ಅನ್ವಯಿಸದು. ಆದ್ದರಿಂದ ಊರಿಗೆ ಯಾವ ಬಸ್ಸು, ಯಾವ ವೇಳೆಗೆ ಬರುತ್ತದೆ ಎಂಬುದೂ ಲೆಕ್ಕದಲ್ಲಿರಬೇಕು.

ಪಿಯುಸಿ ಬಳಿಕ

ಪದವಿ ಹಂತದಲ್ಲಿ ಚಿತ್ರ ಬದಲಾಗುತ್ತದೆ. ಕೇಂದ್ರ ವಲಯದ ಕಾಲೇಜು ವಿದ್ಯಾರ್ಥಿವೇತನ ಮಂಡಳಿ ಪರೀಕ್ಷೆಯ ಸಾಧನೆಯನ್ನು ಆಧರಿಸಿದ್ದು, ತಮ್ಮ ವಿಭಾಗದಲ್ಲಿ ಮೇಲಿನ ಶೇ 20ರೊಳಗೆ ಬಂದವರು ಅರ್ಜಿ ಸಲ್ಲಿಸಬಹುದು. ಪದವಿಯ ಮೊದಲ ಮೂರು ವರ್ಷ ವಾರ್ಷಿಕ 12,000 ರೂಪಾಯಿ ದೊರೆಯುತ್ತದೆ. ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿರಬಾರದು. ಇದು ಮಾನ್ಯತೆ ಪಡೆದ ಖಾಸಗಿ ಕಾಲೇಜಿಗೂ ಹಿಂಬಾಲಿಸುತ್ತದೆ. ಎಂಜಿನಿಯರಿಂಗ್‌ನಲ್ಲಿ ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳಿಗೆ ಆದಾಯ ಆಧಾರಿತ ಬೋಧನಾ ಶುಲ್ಕ ವಿನಾಯಿತಿಯೂ ಇದೆ. ಉದ್ಯೋಗಕ್ಕೆ ಆಯ್ಕೆ ನಡೆಸುವ ಕಂಪನಿಗಳು ಕಾಲೇಜಿನ ಹೆಸರನ್ನು ಗಮನಿಸುವುದು ಈ ಹಂತದಲ್ಲಿ. ಪಿಯುಸಿಯಲ್ಲಿ ಉಳಿಸಿದ ಹಣ ಉಪಯೋಗಕ್ಕೆ ಬರುವುದೂ ಆಗಲೇ.

ವರ್ಗಾವಣೆ ಪತ್ರ ಪಡೆಯುವ ಮುನ್ನ ಪೋಷಕರು ಇರುವ ವೇತನದ ನಿಯಮವನ್ನು ಮುಖ್ಯಶಿಕ್ಷಕರಿಂದ ಕೇಳಿ ತಿಳಿಯಬೇಕು. ಎರಡೂ ಕಾಲೇಜುಗಳಿಗೆ ತರಗತಿ ನಡೆಯುವ ದಿನವೇ ಭೇಟಿ ನೀಡಬೇಕು. ಎರಡು ವರ್ಷದ ಪೂರ್ಣ ಖರ್ಚನ್ನು ಬರೆದಿಟ್ಟು ತಾಳೆ ನೋಡಬೇಕು. ಓದುವ ಮಗ ಅಥವಾ ಮಗಳ ಅಭಿಪ್ರಾಯವನ್ನೂ ಕೇಳಬೇಕು. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆ ವೇತನ ಗಳಿಸಿದವರು ಅವರೇ.