ಯೋನಿಯ ಶಿಲೀಂಧ್ರ ಸೋಂಕು: ಲಕ್ಷಣಗಳನ್ನು ಗುರುತಿಸುವುದು

ಮಹಿಳೆಯರಲ್ಲಿ ಕಂಡುಬರುವ ಬಿಳಿಸೆರಗೆಲ್ಲವೂ ರೋಗವಲ್ಲ. ಋತುಚಕ್ರದ ನಡುವಿನ ದಿನಗಳಲ್ಲಿ ತಿಳಿಯಾದ, ತುರಿಕೆಯಾಗಲಿ ದುರ್ವಾಸನೆಯಾಗಲಿ ಇಲ್ಲದ ಸ್ರಾವವಾಗುವುದು ಸಹಜವಾಗಿದ್ದು, ಇದಕ್ಕೆ ಚಿಕಿತ್ಸೆಯ ಅಗತ್ಯವಿರುವುದಿಲ್ಲ.

ಯೋನಿಯಲ್ಲಿ ಸ್ವಾಭಾವಿಕವಾಗಿಯೇ ಇರಬಹುದಾದ ಕ್ಯಾಂಡಿಡಾ ಎಂಬ ಶಿಲೀಂಧ್ರವು ಮಿತಿಮೀರಿ ಬೆಳೆದಾಗ ಈ ಸೋಂಕು ಉಂಟಾಗುತ್ತದೆ. ಇದರ ಪ್ರಮುಖ ಲಕ್ಷಣ ತೀವ್ರ ತುರಿಕೆ. ಅದರೊಂದಿಗೆ ಒಡೆದ ಮೊಸರಿನಂತಹ ಬಿಳಿಯ ಸ್ರಾವ, ಜನನಾಂಗದ ಹೊರಭಾಗ ಕೆಂಪಾಗಿ ಊದಿಕೊಳ್ಳುವುದು, ಮೂತ್ರ ತಾಗಿದಾಗ ಉರಿ ಹಾಗೂ ಸಂಭೋಗದ ವೇಳೆ ನೋವು ಕಾಣಿಸಿಕೊಳ್ಳಬಹುದು. ಕೆಲವರಲ್ಲಿ ಸ್ರಾವ ಅತ್ಯಲ್ಪವಾಗಿದ್ದು, ತುರಿಕೆಯೊಂದೇ ಬಾಧಿಸುವುದುಂಟು. ಸಾಮಾನ್ಯವಾಗಿ ದುರ್ವಾಸನೆ ಇರುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮೀನಿನಂತಹ ವಾಸನೆ, ಹಳದಿ ಅಥವಾ ಹಸಿರು ಬಣ್ಣದ ಸ್ರಾವ, ಜ್ವರ, ಕೆಳಹೊಟ್ಟೆ ನೋವು ಇದ್ದಲ್ಲಿ ಕಾರಣ ಬೇರೆಯಿರುವ ಸಂಭವವೇ ಹೆಚ್ಚು, ಔಷಧಿಯೂ ಬೇರೆ. ಆದುದರಿಂದ ನೆರೆಮನೆಯವರಿಗೆ ಗುಣ ನೀಡಿದ ಮಾತ್ರೆಯನ್ನೇ ತಾವೂ ತರಿಸಿಕೊಳ್ಳುವುದು ಸೂಕ್ತವಲ್ಲ.

ಗರ್ಭಿಣಿಯರಲ್ಲಿ, ಮಧುಮೇಹ ಹತೋಟಿಯಲ್ಲಿಲ್ಲದವರಲ್ಲಿ ಹಾಗೂ ಆಂಟಿಬಯೋಟಿಕ್ ಔಷಧಿ ಸೇವಿಸಿದವರಲ್ಲಿ ಈ ಸೋಂಕಿನ ಸಾಧ್ಯತೆ ಅಧಿಕ. ಪದೇ ಪದೇ ಮರುಕಳಿಸಿದಲ್ಲಿ ರಕ್ತದ ಸಕ್ಕರೆ ಪ್ರಮಾಣವನ್ನು ತಪ್ಪದೆ ಪರೀಕ್ಷಿಸಿಕೊಳ್ಳಬೇಕು. ಅರಿವಿಗೆ ಬಾರದಿದ್ದ ಮಧುಮೇಹವು ಇದರಿಂದಲೇ ಪತ್ತೆಯಾಗುವುದುಂಟು. ಗರ್ಭಿಣಿಯರಿಗೆ ಸಾಮಾನ್ಯವಾಗಿ 7 ದಿನಗಳ ಕಾಲ ಯೋನಿಯಲ್ಲಿ ಬಳಸುವ ಕ್ಲೋಟ್ರಿಮಜೋಲ್‌ನಂತಹ ಔಷಧಿಯನ್ನು ನೀಡಲಾಗುತ್ತದೆ. ಫ್ಲುಕೊನಜೋಲ್ ಮಾತ್ರೆಯನ್ನು ಅವರು ಸ್ವತಃ ಕೊಂಡು ನುಂಗಬಾರದು.

ಇದನ್ನು ಲೈಂಗಿಕವಾಗಿ ಹರಡುವ ರೋಗವೆಂದು ಪರಿಗಣಿಸಲಾಗುವುದಿಲ್ಲ. ಅವಿವಾಹಿತ ಯುವತಿಯರಿಗೂ ಬರಬಹುದು. ನಡತೆಯನ್ನು ಶಂಕಿಸುವರೆಂಬ ಅಂಜಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಡುವ ಬದಲು, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರನ್ನು ಕಾಣುವುದು. ವೈದ್ಯರೆದುರು ಹೇಳಲು ಸಂಕೋಚವಾದಲ್ಲಿ ಆಶಾ ಕಾರ್ಯಕರ್ತೆಯರಿಗೆ ಮೊದಲು ತಿಳಿಸಿ, ಅವರೊಡನೆ ತೆರಳಬಹುದು.